ಜಲ್ಪೈಗುರಿಯ ಹೆಬ್ಬೆರಳ ಗುರುತು

ಕಂಪನಿ ಸರ್ಕಾರದ ಕಡೆಗಾಲದಲ್ಲಿ ಹಿಂದೂಸ್ತಾನದ ಠಾಣೆಗಳಲ್ಲಿ ಅಪರಾಧ ಪತ್ತೆ ಮಾಡುವುದೆಂದರೆ ಬಹುಮಟ್ಟಿಗೆ ಸಿಕ್ಕವನ ಬಾಯಿ ಬಿಡಿಸುವುದೇ ಆಗಿತ್ತು. ಅದನ್ನು ಹೇಗೆ ಬಿಡಿಸುತ್ತಿದ್ದರು ಎಂಬುದಕ್ಕೆ ಸರ್ಕಾರದ್ದೇ ದಾಖಲೆ ಉಳಿದಿದೆ. ಚಿತ್ರಹಿಂಸೆಯ ದೂರುಗಳನ್ನು ವಿಚಾರಿಸಲೆಂದು ಮದರಾಸು ಪ್ರಾಂತದಲ್ಲಿ ನೇಮಿಸಿದ್ದ ಆಯೋಗ 1855ರಲ್ಲಿ ವರದಿ ಒಪ್ಪಿಸಿತು. ನಮ್ಮ ಕರಾವಳಿಯ ಕೆನರಾ ಜಿಲ್ಲೆಯೂ ಬಳ್ಳಾರಿ ಜಿಲ್ಲೆಯೂ ಆಗ ಆ ಪ್ರಾಂತಕ್ಕೇ ಸೇರಿದ್ದವು. ಕತ್ತು ಬಗ್ಗಿಸಿ ಕಾಲಿಗೆ ಕಟ್ಟಿ ಬಿಸಿಲಿಗೆ ನಿಲ್ಲಿಸುವುದು, ಕಿಟ್ಟಿ ಎಂಬ ಮರದ ಇಕ್ಕುಳದಲ್ಲಿ ಕೈಬೆರಳಿಟ್ಟು ಹಿಸುಕುವುದು, ಇವು ಯಾರೋ ಒಬ್ಬ ಕ್ರೂರಿಯ ಕೆಲಸವಲ್ಲ, ಕಂದಾಯದವರೂ ಪೊಲೀಸಿನವರೂ ನಿತ್ಯ ನಡೆಸುತ್ತಿದ್ದ ಪದ್ಧತಿ ಎಂದು ಆ ವರದಿ ಒಪ್ಪಿಕೊಂಡಿತು. ತೆರಿಗೆ ವಸೂಲಿಗೂ ತಪ್ಪೊಪ್ಪಿಗೆಗೂ ಸಾಧನ ಒಂದೇ.

ಬೆರಳು ಹಿಸುಕಿ ಮಾತು ಹೊರಡಿಸುತ್ತಿದ್ದ ಆ ಕಾಲದಿಂದ ಬೆರಳಿನ ಗೆರೆಗಳನ್ನೇ ಓದುವ ಕಾಲಕ್ಕೆ ಈ ದೇಶ ನಡೆದು ಬರಲು ಸುಮಾರು ಐವತ್ತು ವರ್ಷ ಹಿಡಿಯಿತು. ಆ ದಾರಿಯ ಬಹುಪಾಲು ಬಂಗಾಳದ ಕಚೇರಿಗಳಲ್ಲಿ, ಕಡಿಮೆ ಸಂಬಳದ ನೌಕರರ ಮೇಜುಗಳ ಮೇಲೆ ಸಾಗಿತು. ತನಿಖೆಯ ಉದ್ಯೋಗಕ್ಕೆ ಇಂದು ಏನಾದರೂ ಘನತೆ ಇದ್ದರೆ ಅದರ ದೊಡ್ಡ ಪಾಲು ಆ ಮೇಜುಗಳಿಗೆ ಸಲ್ಲಬೇಕು ಎಂಬುದು ನನ್ನ ದೃಢ ನಂಬಿಕೆ.

1857ರ ದಂಗೆ ಅಡಗಿದ ಮೇಲೆ ರಾಣಿಯ ಸರ್ಕಾರ ಕಾನೂನಿನ ಕಟ್ಟಡವನ್ನು ಬೇಗಬೇಗನೆ ಮೇಲೆತ್ತಿತು. ಮೆಕಾಲೆ 1837ರಲ್ಲೇ ಕರಡು ಮಾಡಿಟ್ಟಿದ್ದ ದಂಡ ಸಂಹಿತೆ 1860ರಲ್ಲಿ ಶಾಸನವಾಯಿತು. 1861ರಲ್ಲಿ ಪೊಲೀಸ್ ಕಾಯ್ದೆಯೂ ದಂಡ ಪ್ರಕ್ರಿಯಾ ಸಂಹಿತೆಯೂ ಬಂದವು. 1872ರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರಚಿಸಿದ ಸಾಕ್ಷ್ಯ ಅಧಿನಿಯಮ ಬಂತು. ಇಂದಿಗೂ ನಮ್ಮ ಕೋರ್ಟುಗಳಲ್ಲಿ ನಡೆಯುವ ವ್ಯವಹಾರದ ಅಸ್ಥಿಪಂಜರ ಇದೇ. ದೂರು ಠಾಣೆಗೆ ಬರುತ್ತದೆ. ಠಾಣಾಧಿಕಾರಿಯಾದ ಸಬ್ ಇನ್ಸ್‌ಪೆಕ್ಟರು ಸ್ಥಳಕ್ಕೆ ಹೋಗಿ ಪಂಚರ ಎದುರು ಮಹಜರು ಮಾಡುತ್ತಾನೆ, ಸಾಕ್ಷಿಗಳನ್ನು ಕೇಳುತ್ತಾನೆ, ದಿನದಿನದ ತನಿಖೆಯನ್ನು ಕೇಸ್ ಡೈರಿಯಲ್ಲಿ ಬರೆಯುತ್ತಾನೆ. ಹಿಡಿದವನನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆರೋಪ ಗಂಭೀರವಾದರೆ ಮ್ಯಾಜಿಸ್ಟ್ರೇಟರು ಅದನ್ನು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸುತ್ತಾರೆ. ಅಲ್ಲಿ ಆ ಕಾಲದಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ಜೂರಿಗಳೋ ಅಸೆಸರುಗಳೋ ಕೂರುತ್ತಿದ್ದರು. ಜೂರಿ ಇಲ್ಲದ ಜಿಲ್ಲೆಗಳಲ್ಲಿ ಊರಿನ ಗೌರವಸ್ಥರನ್ನು ಅಸೆಸರುಗಳೆಂದು ಕರೆದು ಅವರ ಅಭಿಪ್ರಾಯ ಪಡೆಯುವುದು ಪದ್ಧತಿ. ಗಲ್ಲಿನ ಶಿಕ್ಷೆಯನ್ನಂತೂ ಹೈಕೋರ್ಟು ಸ್ಥಿರೀಕರಿಸದೆ ಜಾರಿ ಮಾಡುವಂತಿರಲಿಲ್ಲ.

ಈ ಕಟ್ಟಡದಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವ ಕಲ್ಲು ಸಾಕ್ಷ್ಯ ಅಧಿನಿಯಮದ 25ನೆಯ ಕಲಮು. ಪೊಲೀಸ್ ಅಧಿಕಾರಿಯ ಮುಂದೆ ಆರೋಪಿ ಮಾಡಿದ ತಪ್ಪೊಪ್ಪಿಗೆಯನ್ನು ಅವನ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂದು ಅದು ವಿಧಿಸಿತು. 1861ರ ಪ್ರಕ್ರಿಯಾ ಸಂಹಿತೆಯಲ್ಲೇ ಇದ್ದ ಈ ತಡೆಯನ್ನು ಸ್ಟೀಫನ್ ಸಾಕ್ಷ್ಯದ ಕಾನೂನಿಗೆ ತಂದು ಕೂರಿಸಿದರು. ಪೊಲೀಸರ ವಶದಲ್ಲಿರುವವನು ಹೇಳಿದ್ದರಿಂದ ಏನಾದರೂ ವಸ್ತು ಪತ್ತೆಯಾದರೆ ಆ ಪತ್ತೆಗೆ ಸಂಬಂಧಿಸಿದಷ್ಟು ಮಾತನ್ನು ಮಾತ್ರ 27ನೆಯ ಕಲಮು ಒಳಗೆ ಬಿಟ್ಟಿತು. ಆಳುವವರು ತಮ್ಮದೇ ಪೊಲೀಸರನ್ನು ನಂಬಲಾರೆವೆಂದು ಶಾಸನದಲ್ಲಿ ಬರೆದುಕೊಂಡಂತಾಯಿತು. ಹಾಗೆಂದು ಠಾಣೆಯ ಹಿಂಬದಿಯ ಕೋಣೆಗಳು ಒಮ್ಮೆಗೇ ಬದಲಾಗಲಿಲ್ಲ. ಆದರೆ ಬಾಯಿ ಬಿಡಿಸಿ ಬರೆದುಕೊಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದಾದ ಮೇಲೆ ತನಿಖೆಯವನು ಬೇರೆ ಏನನ್ನಾದರೂ ತರಬೇಕಾಯಿತು. ವಸ್ತುಗಳು ಮಾತಾಡಬೇಕಾದ ಅಗತ್ಯ ಹುಟ್ಟಿದ್ದು ಹೀಗೆ.

ಇನ್ನೊಂದು ಅಗತ್ಯವನ್ನು ದಂಡ ಸಂಹಿತೆಯ 75ನೆಯ ಕಲಮು ತಂದಿತು. ಹಿಂದೆ ಶಿಕ್ಷೆಯಾದವನು ಅಂಥದೇ ಅಪರಾಧ ಮತ್ತೆ ಮಾಡಿದರೆ ಹೆಚ್ಚಿನ ಶಿಕ್ಷೆ. ಸರಿ, ಆದರೆ ಇವನೇ ಅವನು ಎಂದು ತಿಳಿಯುವುದು ಹೇಗೆ? ಢಾಕಾದಲ್ಲಿ ಒಂದು ಹೆಸರು ಹೇಳಿ ಜೈಲು ಸೇರಿದವನು ಪಾಟ್ನಾದಲ್ಲಿ ಇನ್ನೊಂದು ಹೆಸರು ಹೇಳುತ್ತಿದ್ದ. ಹಳೆಯ ಜೈಲಿನ ವಾರ್ಡರನ್ನು ರೈಲು ಹತ್ತಿಸಿ ಕರೆಸಿ ‘ಇವನೇನಾ?’ ಎಂದು ಕೇಳುವುದೇ ಉಳಿದ ದಾರಿ.

ಈ ಪ್ರಶ್ನೆಗೆ ಉತ್ತರದ ಎಳೆ ಸಿಕ್ಕಿದ್ದು ಪೊಲೀಸ್ ಕಚೇರಿಯಲ್ಲಿ ಅಲ್ಲ. 1858ರ ಜುಲೈ 28ರಂದು ಮುರ್ಷಿದಾಬಾದಿನ ಸೀಮೆಯ ಜಂಗೀಪುರದಲ್ಲಿ ವಿಲಿಯಂ ಜೇಮ್ಸ್ ಹರ್ಷೆಲ್ ಎಂಬ ಯುವ ಅಧಿಕಾರಿ ರಸ್ತೆಗೆ ಹಾಸುವ ಗರಸು ಒದಗಿಸುವ ಬಗ್ಗೆ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರರೊಡನೆ ಕರಾರು ಮಾಡಿಕೊಳ್ಳುತ್ತಿದ್ದರು. ಈ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡುಹಿಡಿದ ಖಗೋಳಜ್ಞನ ಮೊಮ್ಮಗ. ಕರಾರಿಗೆ ಕೊನಾಯ್ ಕೈಬರಹದ ಸಹಿ ಹಾಕಲು ಹೊರಟಾಗ ಹರ್ಷೆಲ್ ತಡೆದು, ಕಚೇರಿಯ ಮುದ್ರೆಗೆ ಬಳಸುವ ಎಣ್ಣೆಮಸಿಯನ್ನು ಅವರ ಅಂಗೈಗೆ ಸವರಿ ಕಾಗದದ ಹಿಂಬದಿಗೆ ಇಡೀ ಕೈಯನ್ನು ಒತ್ತಿಸಿಕೊಂಡರು. ಮುಂದೆ ಈ ಸಹಿ ನನ್ನದಲ್ಲ ಎಂದು ಕೊನಾಯ್ ಹೇಳದಿರುವಂತೆ ಮನಸ್ಸಿನಲ್ಲಿ ಒಂದು ಅಳುಕು ಹುಟ್ಟಿಸುವುದಷ್ಟೇ ಅಂದಿನ ಉದ್ದೇಶ ಎಂದು ಹರ್ಷೆಲ್ ತಮ್ಮ ಮುಪ್ಪಿನಲ್ಲಿ ಬರೆದರು. ಅಂಗೈಯ ಗೆರೆಗಳು ಒಬ್ಬೊಬ್ಬರಿಗೆ ಒಂದೊಂದು ಬಗೆ ಎಂಬುದು ಅವರಿಗೆ ಆಗ ಗೊತ್ತಿರಲಿಲ್ಲ.

ಆದರೆ ಆ ಕಾಗದ ಅವರನ್ನು ಬಿಡಲಿಲ್ಲ. ತಮ್ಮ ಬೆರಳು, ಮಿತ್ರರ ಬೆರಳು, ಕಚೇರಿಯವರ ಬೆರಳು, ಎಲ್ಲವನ್ನೂ ಒತ್ತಿಸಿ ಇಟ್ಟುಕೊಳ್ಳುತ್ತಾ ಹೋದರು. ವರ್ಷಗಳು ಕಳೆದು ಅದೇ ಬೆರಳನ್ನು ಮತ್ತೆ ಒತ್ತಿಸಿ ನೋಡಿದರೆ ಗೆರೆಗಳು ಇದ್ದಂತೆಯೇ ಇದ್ದವು. 1860ರಲ್ಲಿ ನೀಲಿ ಬೆಳೆಯ ಗಲಭೆ ಎದ್ದ ನಾದಿಯಾ ಜಿಲ್ಲೆಗೆ ಮ್ಯಾಜಿಸ್ಟ್ರೇಟರಾಗಿ ಹೋದಾಗ, ನೀಲಿ ತೋಟಗಾರರೂ ರೈತರೂ ಕೋರ್ಟಿಗೆ ತರುತ್ತಿದ್ದ ಕರಾರು ಪತ್ರಗಳಲ್ಲಿ ಯಾವುದು ಖರೆ ಯಾವುದು ಖೋಟಾ ಎಂದು ತಿಳಿಯದೆ ಕಂಗೆಟ್ಟರು. ಪ್ರತಿ ಕರಾರಿಗೂ ಬೆರಳ ಗುರುತು ಇರಲೆಂದು ಸೂಚಿಸಿದರು. ಕೇಳುವವರಿರಲಿಲ್ಲ. 1877ರಲ್ಲಿ ಹೂಗ್ಲಿಯ ಮ್ಯಾಜಿಸ್ಟ್ರೇಟರಾದಾಗ ಅಧಿಕಾರ ಅವರ ಕೈಯಲ್ಲೇ ಇತ್ತು. ಸತ್ತ ಪಿಂಚಣಿದಾರನ ಹೆಸರಿನಲ್ಲಿ ಬೇರೊಬ್ಬ ಬಂದು ಹಣ ಎತ್ತದಂತೆ, ನೋಂದಣಿಯಾದ ಪತ್ರವನ್ನು ಅಲ್ಲಗಳೆಯದಂತೆ, ಹಣ ಪಡೆದ ಇನ್ಯಾವನೋ ಕೈದಿಯ ಬದಲು ಜೈಲಿಗೆ ಹೋಗದಂತೆ, ಮೂರು ಕಡೆಯೂ ಬೆರಳ ಗುರುತನ್ನು ಜಾರಿಗೆ ತಂದರು. ಆ ವರ್ಷದ ಆಗಸ್ಟಿನಲ್ಲಿ ಈ ಪದ್ಧತಿಯನ್ನು ಹೊರಗೂ ನಡೆಸಿ ನೋಡಬೇಕೆಂದು ಜೈಲುಗಳ ಮೇಲಧಿಕಾರಿಗೆ ಪತ್ರ ಬರೆದರು. ಉತ್ತರ ಉತ್ಸಾಹದ್ದಾಗಿರಲಿಲ್ಲ. ಮರುವರ್ಷ ಆರೋಗ್ಯ ಕೆಟ್ಟು ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. ಹೂಗ್ಲಿಯ ಪ್ರಯೋಗ ಅಲ್ಲಿಗೆ ನಿಂತಿತು.

ಅತ್ತ ಟೋಕಿಯೋದಲ್ಲಿ ಆಸ್ಪತ್ರೆ ನಡೆಸುತ್ತಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್, ಹಳೆಯ ಮಡಕೆ ಚೂರುಗಳ ಮೇಲೆ ಕುಂಬಾರರ ಬೆರಳ ಅಚ್ಚು ಕಂಡು ಇದೇ ವಿಚಾರಕ್ಕೆ ಬಿದ್ದಿದ್ದರು. ಅಪರಾಧ ನಡೆದ ಸ್ಥಳದಲ್ಲಿ ಸಿಗುವ ಬೆರಳ ಗುರುತಿನಿಂದ ಅಪರಾಧಿಯನ್ನು ಹಿಡಿಯಬಹುದು ಎಂದು ಅವರು 1880ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಮುಂದಿನ ತಿಂಗಳೇ ಹರ್ಷೆಲ್ ಅದೇ ಪತ್ರಿಕೆಯಲ್ಲಿ ತಮ್ಮ ಬಂಗಾಳದ ಅನುಭವ ಬರೆದರು. ಯಾರು ಮೊದಲು ಎಂಬ ಜಗಳ ಬಹುಕಾಲ ನಡೆಯಿತು. ಆ ಜಗಳಕ್ಕೆ ಇಲ್ಲಿ ಜಾಗ ಕೊಡಬೇಕಾಗಿಲ್ಲ. ಹರ್ಷೆಲ್ ಕೂಡಿಟ್ಟಿದ್ದ ಕಾಗದಗಳನ್ನು ಆಧಾರವಾಗಿ ಹಿಡಿದು ಫ್ರಾನ್ಸಿಸ್ ಗಾಲ್ಟನ್ 1892ರಲ್ಲಿ ಬೆರಳ ಗುರುತುಗಳ ಮೇಲೆ ಗ್ರಂಥ ಬರೆದರು. ಅದೇ ವರ್ಷ ಅರ್ಜೆಂಟೀನಾದಲ್ಲಿ ತನ್ನ ಮಕ್ಕಳನ್ನೇ ಕೊಂದ ತಾಯಿಯೊಬ್ಬಳು ಬಾಗಿಲ ಚೌಕಟ್ಟಿನ ಮೇಲೆ ಬಿಟ್ಟ ರಕ್ತದ ಗುರುತಿನಿಂದ ಸಿಕ್ಕಿಬಿದ್ದಳು. ಅಲ್ಲಿ ಹುವಾನ್ ವುಸೆಟಿಚ್ ಎಂಬ ಪೊಲೀಸ್ ಅಧಿಕಾರಿ ತನ್ನದೇ ವರ್ಗೀಕರಣವನ್ನು ಕಟ್ಟುತ್ತಿದ್ದ.

ಬೆರಳ ಗುರುತು ಒಬ್ಬನಿಗೊಂದು, ಹುಟ್ಟಿನಿಂದ ಸಾವಿನವರೆಗೆ ಅದೇ, ಎಂಬುದು ಗೊತ್ತಾದರೂ ಪೊಲೀಸರಿಗೆ ಅದರಿಂದ ಆದ ಪ್ರಯೋಜನ ಕಡಿಮೆ. ಲಕ್ಷ ಚೀಟಿಗಳ ರಾಶಿಯಲ್ಲಿ ಬೇಕಾದ ಚೀಟಿ ಹುಡುಕುವುದು ಹೇಗೆ ಎಂಬುದೇ ನಿಜವಾದ ತೊಡಕು. ಪ್ಯಾರಿಸ್ಸಿನ ಅಲ್ಫೋನ್ಸ್ ಬರ್ಟಿಯೋನ್ ಈ ತೊಡಕನ್ನು ಬೇರೆ ದಾರಿಯಿಂದ ಬಿಡಿಸಿದ್ದ. ಕೈದಿಯ ತಲೆಯ ಉದ್ದಗಲ, ನಡುಬೆರಳು, ಪಾದ, ಮುಂಗೈ ಇವುಗಳ ಅಳತೆ ಹಿಡಿದು ಅಂಕಿಗಳ ಪ್ರಕಾರ ಚೀಟಿ ಜೋಡಿಸುವುದು ಅವನ ಪದ್ಧತಿ. ಯುರೋಪೆಲ್ಲ ಅದನ್ನು ಮೆಚ್ಚಿತು. 1891ರಲ್ಲಿ ಬಂಗಾಳದ ಪೊಲೀಸ್ ಇನ್ಸ್‌ಪೆಕ್ಟರ್ ಜನರಲ್ ಆದ ಎಡ್ವರ್ಡ್ ರಿಚರ್ಡ್ ಹೆನ್ರಿ ಮರುವರ್ಷವೇ ಅದನ್ನು ಕಲ್ಕತ್ತೆಯಲ್ಲಿ ಆರಂಭಿಸಿದರು. ಬೇಗನೆ ತೊಂದರೆ ಕಾಣಿಸಿತು. ಇಬ್ಬರು ಅಳೆದರೆ ಅಳತೆ ಎರಡಾಗುತ್ತಿತ್ತು. ಉಪಕರಣಗಳು ದುಬಾರಿ, ಕಲಿಸುವುದು ಕಷ್ಟ, ಬೆಳೆಯುವ ಹುಡುಗರ ಅಳತೆ ನಿಲ್ಲುವುದೇ ಇಲ್ಲ. 1894ರಲ್ಲಿ ಹೆನ್ರಿ ಇಂಗ್ಲೆಂಡಿಗೆ ಹೋದಾಗ ಗಾಲ್ಟನ್ನರನ್ನು ಕಂಡು ಮಾತಾಡಿ ಬಂದರು. 1896ರ ಜನವರಿಯಲ್ಲಿ ಅಳತೆಯ ಚೀಟಿಯ ಮೇಲೆ ಬೆರಳ ಗುರುತನ್ನೂ ತೆಗೆಯಬೇಕೆಂದು ಆಜ್ಞೆ ಹೊರಡಿಸಿದರು.

ಈ ಚೀಟಿಗಳು ಯಾರ ಮೇಜಿಗೆ ಹೋದವೋ ಅವರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಖಾಜಿ ಅಜೀಜುಲ್ ಹಕ್ ಹುಟ್ಟಿದ್ದು 1872ರಲ್ಲಿ, ಖುಲ್ನಾ ಜಿಲ್ಲೆಯ ಹಳ್ಳಿಯೊಂದರಲ್ಲಿ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡರು. ಹುಡುಗನಾಗಿದ್ದಾಗಲೇ ಕಲ್ಕತ್ತೆ ಸೇರಿ, ಓದಿನಲ್ಲಿ ಮುಂದೆ ಬಂದು, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿತರು. ಲೆಕ್ಕದಲ್ಲಿ ಗಟ್ಟಿಯಾದ ವಿದ್ಯಾರ್ಥಿಯೊಬ್ಬ ಬೇಕೆಂದು ಹೆನ್ರಿ ಕಾಲೇಜಿನ ಪ್ರಾಂಶುಪಾಲರನ್ನು ಕೇಳಿದಾಗ ಅವರು ಸೂಚಿಸಿದ್ದು ಈ ಹೆಸರನ್ನು. 1892ರಲ್ಲಿ ಹಕ್ ಬಂಗಾಳ ಪೊಲೀಸಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಆದರು. ಅದೇ ಕಚೇರಿಯಲ್ಲಿ ಹೇಮಚಂದ್ರ ಬೋಸ್ ಎಂಬ ಇನ್ನೊಬ್ಬ ಸಬ್ ಇನ್ಸ್‌ಪೆಕ್ಟರ್ ಇದ್ದರು. ಕುದುರೆ ಏರಿ ಡಕಾಯಿತರ ಬೆನ್ನಟ್ಟುವ ಪೊಲೀಸು ಇವರದಲ್ಲ. ಭೂತಗನ್ನಡಿ, ಮಸಿ ಬಳಿದ ತಗಡು, ಕಾಗದ, ಇಷ್ಟೇ ಇವರ ಆಯುಧ.

ನಮ್ಮ ಮನೆಗಳಲ್ಲಿ ಅಜ್ಜಿಯರು ಮಗುವಿನ ಬೆರಳ ತುದಿ ಹಿಡಿದು ಎಷ್ಟು ಶಂಖ, ಎಷ್ಟು ಚಕ್ರ ಎಂದು ಎಣಿಸಿ ಭಾಗ್ಯ ಹೇಳುವುದುಂಟು. ಹಕ್ ಮಾಡಿದ್ದೂ ಮೊದಲಿಗೆ ಚಕ್ರಗಳ ಎಣಿಕೆಯೇ. ಆದರೆ ಎಷ್ಟು ಎಂಬುದಕ್ಕಿಂತ ಯಾವ ಬೆರಳಲ್ಲಿ ಎಂಬುದು ಅವರಿಗೆ ಮುಖ್ಯವಾಯಿತು. ಬಲಗೈ ಹೆಬ್ಬೆರಳಿನಿಂದ ಆರಂಭಿಸಿ ಎಡಗೈ ಕಿರುಬೆರಳಿನವರೆಗೆ ಹತ್ತು ಬೆರಳುಗಳನ್ನು ಎರಡೆರಡರಂತೆ ಐದು ಜೋಡಿ ಮಾಡಿದರು. ಮೊದಲ ಜೋಡಿಯ ಬೆರಳಲ್ಲಿ ಚಕ್ರವಿದ್ದರೆ ಬೆಲೆ 16, ಎರಡನೆಯದರಲ್ಲಿ 8, ಆಮೇಲೆ 4, 2, ಕೊನೆಗೆ 1. ಚಕ್ರವಿಲ್ಲದೆ ಕುಣಿಕೆಯೋ ಕಮಾನೋ ಇದ್ದರೆ ಬೆಲೆಯಿಲ್ಲ. ಪ್ರತಿ ಜೋಡಿಯ ಎರಡನೆಯ ಬೆರಳುಗಳ ಮೊತ್ತ ಮೇಲೆ, ಮೊದಲನೆಯವುಗಳ ಮೊತ್ತ ಕೆಳಗೆ, ಎರಡಕ್ಕೂ ಒಂದೊಂದು ಕೂಡಿಸಿದರೆ ಒಂದು ಭಿನ್ನರಾಶಿ ಸಿಗುತ್ತದೆ. ಬಲಗೈ ತೋರುಬೆರಳಿನಲ್ಲೂ ಎಡಗೈ ಹೆಬ್ಬೆರಳಿನಲ್ಲೂ ಮಾತ್ರ ಚಕ್ರವಿರುವವನ ಮೇಲಿನ ಅಂಕ 16, 4, 1 ಸೇರಿ 21. ಕೆಳಗಿನ ಅಂಕ 1. ಮೇಲೆ 32 ಬಗೆ, ಕೆಳಗೆ 32 ಬಗೆ, ಒಟ್ಟು 1024 ಗೂಡುಗಳು. ಗೋಡೆಗೆ ಒರಗಿಸಿದ ಬೀರುವಿನಲ್ಲಿ ಅಷ್ಟು ಗೂಡು ಮಾಡಿಸಿದರೆ ಭೂಮಿಯ ಮೇಲಿನ ಯಾರ ಚೀಟಿಗೂ ಒಂದು ಜಾಗ ಗೊತ್ತಾಯಿತು. ಒಂದೇ ಗೂಡಿನಲ್ಲಿ ಚೀಟಿಗಳು ತುಂಬಿದಾಗ ಗೆರೆಗಳನ್ನು ಎಣಿಸಿ ಒಳವಿಭಾಗ ಮಾಡುವ ಕ್ರಮವನ್ನೂ ಬೆಳೆಸಿದರು. ಬೋಸ್ ಮುಂದೆ ಬೆರಳ ಗುರುತಿನ ವಿವರವನ್ನು ತಂತಿಯ ಮೂಲಕ ಕಳಿಸುವ ಸಂಕೇತವನ್ನು ರೂಪಿಸಿದರು. ಚಿತ್ರವನ್ನು ರವಾನಿಸದೆಯೇ ದೂರದ ಊರಿನ ಕಚೇರಿ ತನ್ನಲ್ಲಿರುವ ಚೀಟಿಯೊಂದಿಗೆ ತಾಳೆ ನೋಡುವ ಅನುಕೂಲ ಅದರಿಂದ ಬಂತು.

ಹೆಸರು ಬದಲಿಸುವ, ಗಡ್ಡ ಬೋಳಿಸುವ, ಊರು ಬಿಡುವ ಮನುಷ್ಯನಿಗೆ ಇವರು ಅಂಕಗಣಿತದಲ್ಲಿ ಒಂದು ಖಾಯಂ ವಿಳಾಸ ಕೊಟ್ಟರು.

ಹೆನ್ರಿ ಸರ್ಕಾರಕ್ಕೆ ಬರೆದು, ಎರಡು ಪದ್ಧತಿಗಳಲ್ಲಿ ಯಾವುದು ಮೇಲು ಎಂದು ಹೊರಗಿನವರು ಪರೀಕ್ಷಿಸಲಿ ಎಂದು ಕೇಳಿಕೊಂಡರು. ಭಾರತದ ಸರ್ವೇಯರ್ ಜನರಲ್ ಆಗಿದ್ದ ಸ್ಟ್ರಾಹನ್ ಮತ್ತು ರಸಾಯನಶಾಸ್ತ್ರಜ್ಞ ಅಲೆಕ್ಸಾಂಡರ್ ಪೆಡ್ಲರ್ ಇಬ್ಬರ ಸಮಿತಿ 1897ರ ಮಾರ್ಚ್ ಕೊನೆಯಲ್ಲಿ ಕಲ್ಕತ್ತೆಯ ಕಚೇರಿಗೆ ಬಂದು ಚೀಟಿಗಳನ್ನು ಹುಡುಕಿಸಿ ನೋಡಿತು. ಸರಳತೆ, ಖರ್ಚು, ವೇಗ, ಖಚಿತತೆ, ಯಾವುದನ್ನು ಹಿಡಿದು ತೂಗಿದರೂ ಬೆರಳ ಗುರುತೇ ಮೇಲು ಎಂದು ವರದಿ ಕೊಟ್ಟಿತು. ಜೂನ್ 12ರಂದು ಗವರ್ನರ್ ಜನರಲ್ಲರ ಸರ್ಕಾರ ಒಪ್ಪಿಗೆ ನೀಡಿತು. ಅಳತೆಯ ಕಚೇರಿ ಬೆರಳಚ್ಚಿನ ಕಚೇರಿಯಾಯಿತು.

ಎರಡೇ ತಿಂಗಳಲ್ಲಿ ಅದಕ್ಕೆ ಪರೀಕ್ಷೆ ಒದಗಿತು.

1897ರ ಆಗಸ್ಟಿನಲ್ಲಿ ಭೂತಾನದ ಗಡಿಗೆ ತಾಗಿದ ಜಲ್ಪೈಗುರಿ ಜಿಲ್ಲೆಯ ಚಹಾ ತೋಟವೊಂದರಲ್ಲಿ ತೋಟದ ಮ್ಯಾನೇಜರು ಹಾಸಿಗೆಯ ಮೇಲೆ ಕತ್ತು ಕೊಯ್ದ ಸ್ಥಿತಿಯಲ್ಲಿ ಹೆಣವಾಗಿದ್ದುದು ಕಂಡುಬಂತು. ಕಾಗದಪತ್ರದ ಪೆಟ್ಟಿಗೆಯನ್ನೂ ತಿಜೋರಿಯನ್ನೂ ಜಾಲಾಡಿದ್ದರು. ಕೆಲವು ನೂರು ರೂಪಾಯಿ ಹೋಗಿತ್ತು. ಶಂಕೆಗೆ ಕೊರತೆ ಇರಲಿಲ್ಲ. ಸತ್ತವನು ಕೂಲಿಗಳನ್ನು ಬಿಗಿಯಾಗಿ ದುಡಿಸಿಕೊಳ್ಳುವವನೆಂದು ಹೆಸರಾಗಿದ್ದ, ಆದ್ದರಿಂದ ಕೂಲಿಗಳ ಮೇಲೆ ಶಂಕೆ. ಅವನ ಸಂಬಂಧವಿದ್ದ ಹೆಣ್ಣೊಬ್ಬಳ ಬಂಧುಗಳ ಮೇಲೆ ಶಂಕೆ. ಹತ್ತಿರದಲ್ಲಿ ಬೀಡುಬಿಟ್ಟಿದ್ದ ಕಾಬೂಲಿಗಳ ತಂಡದ ಮೇಲೆ ಶಂಕೆ. ಅಡುಗೆಯವನ ಬಟ್ಟೆಯ ಮೇಲಂತೂ ರಕ್ತದ ಕಲೆಗಳೇ ಇದ್ದವು. ಇವರಲ್ಲದೆ, ಕಳ್ಳತನ ಮಾಡಿದನೆಂದು ಮ್ಯಾನೇಜರೇ ಜೈಲಿಗೆ ಕಳಿಸಿದ್ದ ಕಂಗಾಲಿ ಚರಣ ಎಂಬ ಹಳೆಯ ಆಳೊಬ್ಬನಿದ್ದ. ಅವನು ಕೆಲವು ವಾರಗಳ ಹಿಂದಷ್ಟೇ ಬಿಡುಗಡೆಯಾಗಿದ್ದ. ಆದರೆ ಆಮೇಲೆ ಅವನನ್ನು ಆ ಸೀಮೆಯಲ್ಲಿ ಕಂಡವರಿರಲಿಲ್ಲ.

ನಲವತ್ತು ವರ್ಷ ಹಿಂದಿನ ಕಾಲವಾಗಿದ್ದರೆ ಆ ಅಡುಗೆಯವನ ಗತಿ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಬಟ್ಟೆಯ ಮೇಲೆ ರಕ್ತ, ಮನೆಯೊಳಗೆ ವಾಸ, ಬಡವ. ಒಂದು ರಾತ್ರಿ ಸಾಕಿತ್ತು. ಈಗ ಹಾಗಾಗಲಿಲ್ಲ. ದೊರೆಯ ಊಟಕ್ಕೆ ಪಾರಿವಾಳ ಕೊಯ್ದೆ, ಅದರ ರಕ್ತ ಇದು ಎಂದು ಅವನು ಹೇಳಿದ. ಪೊಲೀಸರು ಬಟ್ಟೆಯನ್ನು ಸರ್ಕಾರದ ರಾಸಾಯನಿಕ ಪರೀಕ್ಷಕರಿಗೆ ಕಳಿಸಿದರು. ಹಕ್ಕಿಯ ರಕ್ತದ ಕೆಂಪು ಕಣಗಳು ಮೊಟ್ಟೆಯಾಕಾರದವು, ನಡುವೆ ಬೀಜವಿರುವಂಥವು. ಮೊಲೆಯೂಡುವ ಪ್ರಾಣಿಗಳ ಕಣಗಳು ಸಾಮಾನ್ಯವಾಗಿ ದುಂಡಗೆ, ಬೀಜವಿಲ್ಲದವು. ಸೂಕ್ಷ್ಮದರ್ಶಕದಲ್ಲಿ ಈ ವ್ಯತ್ಯಾಸ ಅಂದೂ ಕಾಣುತ್ತಿತ್ತು. ಪರೀಕ್ಷಕರ ವರದಿ ಅಡುಗೆಯವನ ಮಾತನ್ನು ಎತ್ತಿಹಿಡಿಯಿತು. ಈ ಪ್ರಕರಣವನ್ನು ನೆನೆಯುವವರೆಲ್ಲ ಬೆರಳ ಗುರುತನ್ನೇ ಹೇಳುತ್ತಾರೆ. ಒಬ್ಬ ನಿರಪರಾಧಿಯ ಮಾತನ್ನು ಪರೀಕ್ಷಿಸಿ ನಂಬಿದ ಈ ಭಾಗವೂ ಅಷ್ಟೇ ದೊಡ್ಡದೆಂದು ನನಗೆ ಅನಿಸುತ್ತದೆ.

ಜಾಲಾಡಿದ್ದ ಪೆಟ್ಟಿಗೆಯ ಕಾಗದಗಳ ನಡುವೆ ಬಂಗಾಳಿ ಲಿಪಿಯಲ್ಲಿ ಅಚ್ಚಾದ ಪುಸ್ತಕರೂಪದ ಪಂಚಾಂಗವೊಂದಿತ್ತು. ಅದರ ತಿಳಿನೀಲಿ ಹೊದಿಕೆಯ ಮೇಲೆ ಮಸುಕಾದ ಎರಡು ಕಂದು ಕಲೆಗಳು. ತನಿಖೆಯವರು ಆ ಪಂಚಾಂಗವನ್ನು ಬದಿಗೆ ಎಸೆಯದೆ ಜೋಪಾನವಾಗಿ ಎತ್ತಿಟ್ಟರು. ಭೂತಗನ್ನಡಿಯಲ್ಲಿ ನೋಡಿದಾಗ ಒಂದು ಕಲೆ ಯಾರದೋ ಬಲಗೈ ಬೆರಳಿನ ಅಚ್ಚಿನ ತುಣುಕು ಎಂದು ತಿಳಿಯಿತು. ಪಂಚಾಂಗ ಕಲ್ಕತ್ತೆಗೆ ಹೋಯಿತು.

ಹತ್ತು ಬೆರಳಿನ ಲೆಕ್ಕದ ಮೇಲೆ ಕಟ್ಟಿದ 1024 ಗೂಡುಗಳಲ್ಲಿ ಒಂದೇ ಬೆರಳಿನ ತುಣುಕನ್ನು ಕುರುಡಾಗಿ ಹುಡುಕಲು ಬರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಯಾರ ಬೆರಳಿರಬಹುದು ಎಂಬ ಶಂಕೆಯ ಪಟ್ಟಿಯನ್ನು ಊರಿನಲ್ಲಿ ಕಾಲ್ನಡೆಯಲ್ಲಿ ತಿರುಗಿದ ಪೊಲೀಸನೇ ಒದಗಿಸಬೇಕು. ಹಳೆಯ ಆಳು ಹಿಂದೆ ಶಿಕ್ಷೆಯಾದವನಾದ್ದರಿಂದ ಅವನ ಗುರುತು ಕಚೇರಿಯಲ್ಲಿ ಇತ್ತು. ಪಂಚಾಂಗದ ಗುರುತನ್ನು ಪಕ್ಕಕ್ಕಿಟ್ಟು ನೋಡಿದಾಗ ಅದು ಕಂಗಾಲಿ ಚರಣನ ಬಲ ಹೆಬ್ಬೆರಳಿನೊಂದಿಗೆ ಗೆರೆಗೆ ಗೆರೆ ಕೂಡಿತು. ನೂರಾರು ಮೈಲಿ ದೂರದ ಬೀರಭೂಮ್ ಜಿಲ್ಲೆಯಲ್ಲಿ ಅವನನ್ನು ಹಿಡಿದು ಕಲ್ಕತ್ತೆಗೆ ತಂದು ಮತ್ತೊಮ್ಮೆ ಹೆಬ್ಬೆರಳು ಒತ್ತಿಸಿದರು. ಅದೇ ಗುರುತು. ಕಂದು ಕಲೆ ಮೊಲೆಯೂಡುವ ಪ್ರಾಣಿಯ ರಕ್ತ ಎಂದು ಪರೀಕ್ಷಕರು ದೃಢಪಡಿಸಿದರು. ಮನುಷ್ಯನ ರಕ್ತವನ್ನು ಆಡಿನ ರಕ್ತದಿಂದ ಬೇರ್ಪಡಿಸುವ ಪರೀಕ್ಷೆ ಬಂದದ್ದು ಇನ್ನೂ ಕೆಲವು ವರ್ಷಗಳ ಮೇಲೆ, ಹೊಸ ಶತಮಾನದಲ್ಲಿ. ಆದ್ದರಿಂದ ಅವರು ಅದಕ್ಕಿಂತ ಹೆಚ್ಚಿಗೆ ಹೇಳಲಾರರು, ಹೇಳಲೂ ಇಲ್ಲ.

ಕೊಲೆ ಮತ್ತು ಕಳ್ಳತನ, ಎರಡೂ ಆರೋಪ ಹೊರಿಸಿ 1898ರಲ್ಲಿ ಸೆಷನ್ಸ್ ನ್ಯಾಯಾಧೀಶರೂ ಅಸೆಸರುಗಳೂ ಕೂತ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಹೊಸ ಶಾಸ್ತ್ರ, ಅದನ್ನು ಕಟ್ಟಿದ ಸರ್ಕಾರ, ರಕ್ತದಲ್ಲಿ ಬಿದ್ದ ಗುರುತು, ಸೇಡಿನ ಕಾರಣವಿದ್ದ ಆರೋಪಿ. ಗಲ್ಲಿಗೇರಿಸಲು ಇಷ್ಟು ಸಾಕೆಂದು ಯಾರಿಗಾದರೂ ಅನಿಸಬಹುದಿತ್ತು. ಅಸೆಸರುಗಳಿಗೆ ಹಾಗೆ ಅನಿಸಲಿಲ್ಲ. ಆರೋಪಿ ಆ ಪೆಟ್ಟಿಗೆಗೆ ಕೈ ಹಾಕಿದ್ದು ನಿಸ್ಸಂದೇಹ, ಆದ್ದರಿಂದ ಕಳ್ಳತನ ಪೂರ್ತಿ ರುಜುವಾತಾಗಿದೆ. ಕೊಲೆ ಮಾಡಿದ್ದನ್ನು ಕಂಡವರಿಲ್ಲವಾಗಿ ಕೊಲೆಗಾರನೆಂದು ತೀರ್ಮಾನಿಸುವುದು ಕ್ಷೇಮವಲ್ಲ ಎಂದು ಅವರು ಅಭಿಪ್ರಾಯಪಟ್ಟರು. ಕಳ್ಳತನಕ್ಕೆ ಮಾತ್ರ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಹಿರಿಯ ನ್ಯಾಯಮೂರ್ತಿಗಳೂ ಅದನ್ನೇ ಎತ್ತಿಹಿಡಿದರು.

ಆ ಅಸೆಸರುಗಳು ಮನಶ್ಶಾಸ್ತ್ರವನ್ನೋ ಗಣಿತವನ್ನೋ ಓದಿದವರಾಗಿರಬೇಕಿಲ್ಲ. ಆದರೂ ಬೆರಳ ಗುರುತಿನ ಎಲ್ಲೆ ಎಲ್ಲಿದೆ ಎಂದು ಅದು ಕೋರ್ಟಿಗೆ ಕಾಲಿಟ್ಟ ಹೊಸದರಲ್ಲೇ ಗೆರೆ ಎಳೆದು ತೋರಿಸಿದರು. ಈ ಕೈ ಇದನ್ನು ಮುಟ್ಟಿತು ಎಂಬುದಷ್ಟೇ ಗುರುತಿನ ಸಾಕ್ಷ್ಯ. ಯಾವಾಗ ಮುಟ್ಟಿತು, ಏಕೆ ಮುಟ್ಟಿತು, ಜೊತೆಗೆ ಇನ್ಯಾರಿದ್ದರು ಎಂಬುದನ್ನು ಗೆರೆಗಳು ಹೇಳುವುದಿಲ್ಲ. ಕೊಂದವನು ಬೇರೆ, ಪೆಟ್ಟಿಗೆ ಜಾಲಾಡಿದವನು ಬೇರೆ ಆಗಿರುವ ಸಾಧ್ಯತೆ ಕೂದಲೆಳೆಯಷ್ಟಾದರೂ ಉಳಿದಿರುವಾಗ ಒಬ್ಬನ ಪ್ರಾಣ ತೆಗೆಯಲು ಅವರು ಒಪ್ಪಲಿಲ್ಲ. ಕಂಗಾಲಿ ಚರಣ ಕೊಲೆಗಾರನೇ ಆಗಿದ್ದಿರಬಹುದು. ಹಾಗಿದ್ದರೂ ಆ ನ್ಯಾಯಾಲಯ ತಪ್ಪಿತೆಂದು ನಾನು ಹೇಳಲಾರೆ. ಇಂದಿಗೂ ಸಾಕ್ಷಿಕಟ್ಟೆಯಲ್ಲಿ ನಿಂತ ಬೆರಳಚ್ಚು ತಜ್ಞರಿಗೆ ಆರೋಪಿಯ ಪರ ವಕೀಲರು ಕೇಳುವ ಮುಖ್ಯ ಪ್ರಶ್ನೆ, ಈ ಗುರುತು ಎಷ್ಟು ಹಳೆಯದೆಂದು ಹೇಳಬಲ್ಲಿರಾ ಎಂಬುದೇ. ಖಚಿತವಾಗಿ ಹೇಳಲಾಗದು ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕ ಉತ್ತರ.

ಮರುವರ್ಷ, 1899ರಲ್ಲಿ, ಸಾಕ್ಷ್ಯ ಅಧಿನಿಯಮದ 45ನೆಯ ಕಲಮಿಗೆ ತಿದ್ದುಪಡಿ ಬಂದು ಬೆರಳ ಗುರುತಿನ ಬಗ್ಗೆ ತಜ್ಞರ ಅಭಿಪ್ರಾಯಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. 1900ರಲ್ಲಿ ಹೆನ್ರಿಯ ಪುಸ್ತಕ ಹೊರಬಂತು. 1901ರಲ್ಲಿ ಅವರು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋಗಿ ಅದೇ ವರ್ಷ ಅಲ್ಲಿ ಬೆರಳಚ್ಚಿನ ಶಾಖೆ ತೆರೆದರು. 1903ರಲ್ಲಿ ಲಂಡನ್ ಪೊಲೀಸಿನ ಕಮಿಷನರ್ ಆದರು. ಕಲ್ಕತ್ತೆಯಲ್ಲಿ ಹುಟ್ಟಿದ ಕ್ರಮ ಅಲ್ಲಿಂದ ಲೋಕವೆಲ್ಲ ಹರಡಿತು, ‘ಹೆನ್ರಿ ಪದ್ಧತಿ’ ಎಂಬ ಹೆಸರಿನಲ್ಲಿ. ಇತ್ತ 1902–03ರ ಪೊಲೀಸ್ ಆಯೋಗ ಪೊಲೀಸರ ಲಂಚ, ದಬ್ಬಾಳಿಕೆ, ತರಬೇತಿಯಿಲ್ಲದ ಸ್ಥಿತಿ ಎಲ್ಲವನ್ನೂ ಕಟುವಾಗಿ ದಾಖಲಿಸಿ, ಓದಿದವರನ್ನು ನೇರವಾಗಿ ಸಬ್ ಇನ್ಸ್‌ಪೆಕ್ಟರುಗಳಾಗಿ ನೇಮಿಸಬೇಕು, ತರಬೇತಿ ಶಾಲೆಗಳನ್ನು ತೆರೆಯಬೇಕು, ಪ್ರಾಂತಕ್ಕೊಂದು ಸಿಐಡಿ ಬೇಕು ಎಂದು ಶಿಫಾರಸು ಮಾಡಿತು. ಇಂದು ಪಿಎಸ್‌ಐ ಪರೀಕ್ಷೆಗೆ ಓದುವ ನಮ್ಮ ಹುಡುಗ ಹುಡುಗಿಯರು ನಡೆಯುವ ದಾರಿಯ ಮೊದಲ ಮೈಲಿಗಲ್ಲು ಅದು.

ನ್ಯಾಯಾಲಯದೊಳಗೆ ಗುರುತಿಗೆ ಎಲ್ಲೆ ಹಾಕಿದವರಿದ್ದರು. ಹೊರಗೆ ಸರ್ಕಾರಕ್ಕೆ ಎಲ್ಲೆಯೇ ಇರಲಿಲ್ಲ. ಅಪರಾಧಿ ಬುಡಕಟ್ಟುಗಳೆಂದು ಹಣೆಪಟ್ಟಿ ಹಚ್ಚುವ 1871ರ ಶಾಸನವನ್ನು 1911ರಲ್ಲಿ ವಿಸ್ತರಿಸಿ, ಆ ಪಟ್ಟಿಗೆ ಸೇರಿದವರ ಬೆರಳ ಗುರುತನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರ ಪಡೆಯಿತು. ಇವರಿಗಾಗಿ ಬಿಜಾಪುರ, ಹುಬ್ಬಳ್ಳಿ, ಗದಗಿನಲ್ಲಿ ತಂತಿಬೇಲಿಯ ವಸತಿಗಳು ಎದ್ದವು. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂದರೆ ಇಂದಿಗೂ ಜನಕ್ಕೆ ಜಾಗ ಗೊತ್ತು. ಅಲ್ಲಿ ಗುರುತು ಕೊಡಬೇಕಾದವರು ಏನನ್ನೂ ಕದ್ದಿರಬೇಕಾಗಿರಲಿಲ್ಲ, ಆ ಕುಲದಲ್ಲಿ ಹುಟ್ಟಿದ್ದರೆ ಸಾಕು. ಆ ಶಾಸನ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ.

ಇದಕ್ಕೆ ತಲೆಬಾಗದವರೂ ಇದ್ದರು. 1906ರಲ್ಲಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲಿನಲ್ಲಿ ಭಾರತೀಯರೆಲ್ಲ ಬೆರಳ ಗುರುತು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಶಾಸನ ಸಿದ್ಧವಾದಾಗ ಗಾಂಧೀಜಿ ಹೆನ್ರಿಯ ಪುಸ್ತಕವನ್ನೇ ತರಿಸಿ ಓದಿದರು. ಕಾನೂನಿನಂತೆ ಬೆರಳ ಗುರುತು ಕೊಡಬೇಕಾದವರು ಅಪರಾಧಿಗಳು ಮಾತ್ರ ಎಂದು ಅದರಿಂದ ಅವರಿಗೆ ತಿಳಿಯಿತು. ಸತ್ಯಾಗ್ರಹ ಎಂಬುದು ಆಕಾರ ಪಡೆದದ್ದು ಆ ಶಾಸನದ ವಿರುದ್ಧ. 1930ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ ಕಾರ್ಮಿಕರ ನೋಂದಣಿಗೆ ಬೆರಳ ಗುರುತು ತೆಗೆಯಲು ಹೊರಟಾಗ ಸಾವಿರಾರು ಗಣಿಗಾರರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ನೆಲದಾಳದಲ್ಲಿ ಪ್ರಾಣ ಒತ್ತೆಯಿಟ್ಟು ದುಡಿಯುವವನನ್ನು ಕಳ್ಳನಂತೆ ಕಾಣಬಾರದು ಎಂಬ ಅವರ ಸಿಟ್ಟಿಗೂ ಜಲ್ಪೈಗುರಿಯ ಅಸೆಸರುಗಳ ಹಿಂಜರಿಕೆಗೂ ಬೇರು ಒಂದೇ ಎಂದು ನಾನು ತಿಳಿಯುತ್ತೇನೆ.

ಕಲ್ಕತ್ತೆಯ ಆ ಇಬ್ಬರು ಸಬ್ ಇನ್ಸ್‌ಪೆಕ್ಟರುಗಳಿಗೆ ಮನ್ನಣೆ ಬಹಳ ತಡವಾಗಿ ಬಂತು. ಬಿಹಾರ ಬಂಗಾಳದಿಂದ ಬೇರೆಯಾದಾಗ ಹಕ್ ಬಿಹಾರ ಪೊಲೀಸಿಗೆ ಹೋದರು. 1913ರಲ್ಲಿ ಖಾನ್ ಸಾಹೇಬ್, 1924ರಲ್ಲಿ ಖಾನ್ ಬಹಾದೂರ್ ಬಿರುದು ಬಂತು. ಬೋಸರಿಗೆ ರಾಯ್ ಸಾಹೇಬ್, ಆಮೇಲೆ ರಾಯ್ ಬಹಾದೂರ್. ತಮ್ಮ ಕೆಲಸಕ್ಕೆ ತಕ್ಕ ಪುರಸ್ಕಾರ ಬೇಕೆಂದು ಹಕ್ ಸರ್ಕಾರಕ್ಕೆ ಬರೆದುಕೊಳ್ಳಬೇಕಾಯಿತು. ಕೊನೆಗೆ ಇಬ್ಬರಿಗೂ ತಲಾ 5,000 ರೂಪಾಯಿ ಗೌರವಧನ ಮಂಜೂರಾಯಿತು. ಆ ಹೊತ್ತಿಗೆ ನಿವೃತ್ತರಾಗಿದ್ದ ಹೆನ್ರಿ 1926ರ ಮೇ ತಿಂಗಳಲ್ಲಿ ಇಂಡಿಯಾ ಆಫೀಸಿಗೆ ಪತ್ರ ಬರೆದು, ವರ್ಗೀಕರಣವನ್ನು ಪರಿಪೂರ್ಣಗೊಳಿಸುವುದರಲ್ಲಿ ತಮ್ಮ ಸಿಬ್ಬಂದಿಯ ಬೇರೆ ಯಾರಿಗಿಂತಲೂ ಹೆಚ್ಚಿನ ಪಾಲು ಹಕ್ ಅವರದು ಎಂದು ಸ್ಪಷ್ಟವಾಗಿ ಒಪ್ಪಿಕೊಂಡರು. ಆ ಪತ್ರ ಕಡತ ಸೇರಿತು. ಹಕ್ 1935ರಲ್ಲಿ ಚಂಪಾರಣ್ಯದ ಮೋತಿಹಾರಿಯಲ್ಲಿ ತೀರಿಕೊಂಡರು, ಬೋಸ್ 1949ರಲ್ಲಿ.

ಇಂದು ಬೆರಳಚ್ಚು ತಜ್ಞರಾಗಬಯಸುವವರು ಅಖಿಲ ಭಾರತ ಮಟ್ಟದ ಪರೀಕ್ಷೆಗೆ ಕೂರುತ್ತಾರೆ. 16, 8, 4, 2, 1ರ ಕೋಷ್ಠಕವನ್ನು ಈಗಲೂ ಕಲಿಯುತ್ತಾರೆ. ಪಾಠದ ಹೆಸರು ಮಾತ್ರ ಹೆನ್ರಿ ಪದ್ಧತಿ ಎಂದೇ ಉಳಿದಿದೆ. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಎರಡು ಹೆಸರುಗಳನ್ನು ಆ ಪಾಠದ ತಲೆಬರಹಕ್ಕೇ ಸೇರಿಸಬೇಕು, ಮತ್ತು ಜಲ್ಪೈಗುರಿಯ ತೀರ್ಪನ್ನು ಅದರ ಮೊದಲ ಪುಟದಲ್ಲಿ ಅಚ್ಚು ಹಾಕಬೇಕು.